ತಪ್ಪದೆ ತೆರೆಯುವ ಮೇಳ

ಕೇಳುಗರೆಲ್ಲರಿಗೂ ನಮಸ್ಕಾರ.

ದಕ್ಷಿಣ ಚೀನಾದ ಗುವಾಂಗ್‌ಝೌ ನಗರಕ್ಕೆ ಹಿಂದೆ ಕ್ಯಾಂಟನ್ ಎಂಬ ಹೆಸರಿತ್ತು. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ, ಹೀಗೆ ವರ್ಷಕ್ಕೆರಡು ಸಲ ಅಲ್ಲಿ ಆ ದೇಶದ ರಫ್ತು ಮೇಳ ಕೂಡುತ್ತದೆ. 2024ರ ಅಕ್ಟೋಬರ್ ಮೇಳಕ್ಕೆ ಹೊರದೇಶಗಳಿಂದ ಬಂದ ಖರೀದಿದಾರರೇ ಎರಡೂವರೆ ಲಕ್ಷ ದಾಟಿದ್ದರು.

ಇದು ಹುಟ್ಟಿದ್ದು ಕಷ್ಟದ ಕಾಲದಲ್ಲಿ. ಕೊರಿಯಾ ಯುದ್ಧದಿಂದಾಗಿ ಅಮೆರಿಕ ಮತ್ತು ಅದರ ಮಿತ್ರದೇಶಗಳು ಚೀನಾದ ಮೇಲೆ ವ್ಯಾಪಾರ ನಿರ್ಬಂಧ ಹೇರಿದ್ದವು. ಕಾರ್ಖಾನೆ ಕಟ್ಟಲು ಯಂತ್ರ ಬೇಕು, ಯಂತ್ರ ತರಲು ವಿದೇಶಿ ವಿನಿಮಯ ಬೇಕು. ಅದನ್ನು ಗಳಿಸುವುದಾದರೂ ಎಲ್ಲಿಂದ? ಹೊರಜಗತ್ತಿನೊಡನೆ ಕೊಡುಕೊಳೆಗೆ ಉಳಿದಿದ್ದ ಮುಖ್ಯ ದಾರಿ ಆಗ ಬ್ರಿಟಿಷರ ಕೈಯಲ್ಲಿದ್ದ ಹಾಂಗ್‌ಕಾಂಗ್. ಗುವಾಂಗ್‌ಝೌ ಅದಕ್ಕೆ ಹತ್ತಿರ. ಹಾಗಾಗಿ 1957ರ ಏಪ್ರಿಲ್‌ನಲ್ಲಿ ಮೊದಲ ಮೇಳ ಅಲ್ಲೇ ನಡೆಯಿತು. 19 ದೇಶ ಮತ್ತು ಪ್ರದೇಶಗಳಿಂದ 1200ಕ್ಕೂ ಹೆಚ್ಚು ವ್ಯಾಪಾರಿಗಳು ಬಂದರು. ರೇಷ್ಮೆ, ಚಹಾ, ಪಿಂಗಾಣಿಯಂಥ ಸರಕು ತೋರಿಸಿ ಒಂದು ದೊಡ್ಡ ದೇಶ ಡಾಲರು, ಪೌಂಡು ಕೂಡಿಸತೊಡಗಿತು.

ನನಗೆ ಈ ಮೇಳದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದರ ನೇಮ. ಮಾವೋ ಹೂಡಿದ ರಾಜಕೀಯ ಆಂದೋಲನವಾದ ಸಾಂಸ್ಕೃತಿಕ ಕ್ರಾಂತಿಯ ಗದ್ದಲ ತಾರಕಕ್ಕೇರಿದ್ದ 1967ರಲ್ಲಿ ಪ್ರಧಾನಿ ಝೌ ಎನ್‌ಲಾಯ್ ತಾವೇ ಗುವಾಂಗ್‌ಝೌಗೆ ಹೋಗಿ, ಮೇಳಕ್ಕೆ ಅಡ್ಡಿಯಾಗದಂತೆ ನೋಡಿಕೊಂಡರು. 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕು ಹಬ್ಬಿದಾಗ ಬಂದವರು ಕಡಿಮೆ, ಆದರೂ ಬಾಗಿಲು ತೆರೆಯಿತು. 2020ರಲ್ಲಿ ಕೊರೊನಾ ಬಂದಾಗ ಮೇಳ ಆನ್‌ಲೈನಿಗೆ ಹೋಯಿತು. ಮುಂದಿನ ಹಂಗಾಮಿನ ಸರಕಿಗೆ ಆರ್ಡರ್ ಕೊಡುವ ಖರೀದಿದಾರನಿಗೆ ಇಂಥ ಖಾತ್ರಿಯೇ ಮುಖ್ಯ. ತಾನು ಹೋಗುವ ಹೊತ್ತಿಗೆ ಅಂಗಡಿ ತೆರೆದಿರುತ್ತದೆ ಎಂಬ ನಂಬಿಕೆ ಜಾಹೀರಾತಿನಿಂದ ಹುಟ್ಟುವಂಥದ್ದಲ್ಲ.

ನಮ್ಮ ದೆಹಲಿಯಲ್ಲೂ 1980ರಿಂದ ನವೆಂಬರ್ 14ಕ್ಕೆ ಅಂತಾರಾಷ್ಟ್ರೀಯ ವ್ಯಾಪಾರ ಮೇಳ ಶುರುವಾಗುವ ಪದ್ಧತಿಯಿದೆ. ಅಲ್ಲಿ ಕುಟುಂಬಸಮೇತ ಬಂದು ಕೊಳ್ಳುವವರ ಸಂಭ್ರಮ ಹೆಚ್ಚು. ಆ ಸಂಭ್ರಮ ಇರಲಿ. ಆದರೆ ಚನ್ನಪಟ್ಟಣದ ಗೊಂಬೆಯನ್ನೋ ಚಿಕ್ಕಮಗಳೂರಿನ ಕಾಫಿಯನ್ನೋ ಸಾವಿರಗಟ್ಟಲೆ ಕೊಳ್ಳುವ ಸಗಟು ಖರೀದಿದಾರರಿಗೆ ಇನ್ನಷ್ಟು ದಿನ, ಇನ್ನಷ್ಟು ಜಾಗ ಮೀಸಲಿಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಗುವಾಂಗ್‌ಝೌಗೆ ಹೋಗುವ ಯೋಚನೆಯಿರುವ ವ್ಯಾಪಾರಿಗಳಿಗೆ ಒಂದು ಮಾತು. ಮೇಳ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲು ಎಲೆಕ್ಟ್ರಾನಿಕ್ಸ್ ಮತ್ತು ಯಂತ್ರಗಳು, ಆಮೇಲೆ ಮನೆಬಳಕೆಯ ಸಾಮಾನು, ಕೊನೆಗೆ ಬಟ್ಟೆ ಮತ್ತು ಆಟಿಕೆ. ನಿಮ್ಮ ಸರಕು ಯಾವ ಹಂತದಲ್ಲಿದೆ ಎಂದು ನೋಡಿಕೊಂಡೇ ಟಿಕೆಟ್ ಮಾಡಿಸಿ. ನಮಸ್ಕಾರ.