ಡನ್‌ಮೋರ್ ಡಂಗುರದ ಹಿಂದೆ ಹೋದವರು

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದಾಗ ಅಲ್ಲಿನ ಹದಿಮೂರು ವಸಾಹತುಗಳಲ್ಲಿ ಹೆಚ್ಚುಕಡಿಮೆ ಐದು ಜನಕ್ಕೊಬ್ಬರು ಗುಲಾಮರು. ಅವರು ಯಾವ ಕಡೆಗೆ ಓಡಿದರು, ಓಡಿದವರಲ್ಲಿ ಯಾರಿಗೆ ಬಿಡುಗಡೆ ದಕ್ಕಿತು ಎಂಬುದಷ್ಟೇ ಇವತ್ತಿನ ವಿಷಯ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಅವರ ಹಣೆಬರಹ ಬರೆದದ್ದರಲ್ಲಿ ಕೋವಿಗಿಂತ ಸಿಡುಬಿನ ಪಾಲು, ಕಾಗದದ ಪಾಲು ದೊಡ್ಡದು.

1775ರ ನವೆಂಬರ್ 7ರಂದು ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಲಾರ್ಡ್ ಡನ್‌ಮೋರ್ ನಾರ್ಫೋಕ್ ಬಂದರಿನ ಹಡಗೊಂದರಲ್ಲಿ ಕೂತು, ತನ್ನ ಕಡೆಗೆ ಓಡಿಬರುವ ಗುಲಾಮರಿಗೆ ಬಿಡುಗಡೆ ಕೊಡುವ ಘೋಷಣೆಗೆ ಸಹಿ ಹಾಕಿದ. ಅದರ ಷರತ್ತುಗಳನ್ನು ಗಮನಿಸಿ. ಒಡೆಯ ಬಂಡುಕೋರನಾಗಿರಬೇಕು, ಅಂದರೆ ಬ್ರಿಟಿಷ್ ರಾಜನ ವಿರುದ್ಧ ಎದ್ದವನಾಗಿರಬೇಕು, ಓಡಿಬಂದವನಿಗೆ ಆಯುಧ ಹಿಡಿಯುವ ಶಕ್ತಿಯೂ ಮನಸ್ಸೂ ಇರಬೇಕು, ಬಂದವನು ರಾಜನ ದಂಡು ಸೇರಬೇಕು. ರಾಜನಿಗೆ ನಿಷ್ಠನಾದ ಒಡೆಯನ ಗುಲಾಮನಿಗೆ ಇದರಲ್ಲಿ ಏನೂ ಇರಲಿಲ್ಲ. ಡನ್‌ಮೋರ್ ಸ್ವತಃ ಗುಲಾಮರ ಒಡೆಯ ಎನ್ನುವುದು ನೆನಪಿರಲಿ. ಅವನಿಗೆ ಬೇಕಾದದ್ದು ಸಿಪಾಯಿಗಳು. ಆದರೂ ಜನ ಬಂದರು. ಷರತ್ತು ಲೆಕ್ಕಿಸದೆ ಹೆಂಗಸರೂ ಮಕ್ಕಳೂ ದೋಣಿ ಕದ್ದು ಬಂದರು. ಗಂಡಸರನ್ನು ಸೇರಿಸಿ ‘ಇಥಿಯೋಪಿಯನ್ ರೆಜಿಮೆಂಟ್’ ಕಟ್ಟಲಾಯಿತು.

ಡಿಸೆಂಬರ್ 9ರಂದು ಗ್ರೇಟ್ ಬ್ರಿಜ್ ಎಂಬಲ್ಲಿ ಕಾಳಗವಾಯಿತು. ಎರಡೂ ಬದಿ ಜೌಗು, ನಡುವೆ ಇಕ್ಕಟ್ಟಾದ ಏರಿ, ಅದರ ಮೇಲೆ ಸೇತುವೆ. ಬ್ರಿಟಿಷ್ ಕ್ಯಾಪ್ಟನ್ ಫೋರ್ಡೈಸ್ ತನ್ನ ಗ್ರೆನೇಡಿಯರ್‌ಗಳನ್ನು (ಆಯ್ದ ಕಾಲಾಳುಗಳನ್ನು) ಆ ಏರಿಯ ಮೇಲೆ ನೇರ ನುಗ್ಗಿಸಿದ. ಸಾಲು ಹರಡಿಕೊಳ್ಳಲು ಜಾಗವೇ ಇಲ್ಲ. ಎದುರಿನ ಮಣ್ಣಿನ ಗೋಡೆಯ ಹಿಂದಿದ್ದವರಿಗೆ ಗುರಿ ಇಡುವ ಕಷ್ಟವೂ ಇಲ್ಲ. ಫೋರ್ಡೈಸ್ ಗೋಡೆಯ ಹತ್ತಿರವೇ ಸತ್ತುಬಿದ್ದ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಬಂಡುಕೋರರ ಕಡೆ ಗಾಯಗೊಂಡವನು ಒಬ್ಬನೇ. ಅವರ ಪಹರೆಯಲ್ಲಿ ಕೊನೆಗೆ ಹಿಂದೆ ಸರಿದ ವಿಲಿಯಂ ಫ್ಲೋರಾ ಕೂಡ ಕರಿಯ, ಆದರೆ ಸ್ವತಂತ್ರ.

ಈ ಸೋಲಿನಿಂದ ಡನ್‌ಮೋರ್‌ಗೆ ನೆಲದ ಮೇಲೆ ನೆಲೆ ತಪ್ಪಿ ಎಲ್ಲರೂ ಹಡಗುಗಳಿಗೆ ತುಂಬಿಕೊಂಡರು. ನಿಜವಾದ ಸಾವು ಶುರುವಾದದ್ದು ಆಗ. ಬ್ರಿಟನ್ನಿನಿಂದ ಬಂದ ಸಿಪಾಯಿಗಳಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಸಿಡುಬು ಬಂದು ಹೋಗಿತ್ತು. ವರ್ಜೀನಿಯಾದ ತೋಟಗಳಲ್ಲಿ ಹುಟ್ಟಿದವರಲ್ಲಿ ಹೆಚ್ಚಿನವರಿಗೆ ಅದರ ಸೋಂಕೇ ತಾಗಿರಲಿಲ್ಲ. 1776ರ ವಸಂತದಲ್ಲಿ ದಂಡಿಗೆ ಸಿಡುಬಿನ ಕೀವು ಹಾಕಿಸಿದರು. ಆ ಕಾಲದ ವಿಧಾನವೆಂದರೆ ತೋಳಿನಲ್ಲಿ ಸಣ್ಣ ಗೀರು ಹಾಕಿ, ರೋಗಿಯ ಗುಳ್ಳೆಯಿಂದ ತೆಗೆದ ಕೀವನ್ನು ಸೇರಿಸುವುದು. ರೋಗ ಸೌಮ್ಯವಾಗಿ ಬರುತ್ತದೆ, ಆದರೆ ಪಕ್ಕದವರಿಗೆ ಹರಡದೆ ಬಿಡುವುದಿಲ್ಲ. ಹಾಕಿಸಿಕೊಂಡವರನ್ನು ವಾರಗಟ್ಟಲೆ ಬೇರೆಯಿಡಬೇಕು, ಒಳ್ಳೆಯ ಊಟ ಕೊಡಬೇಕು. ಇಲ್ಲಿ ಬೇರೆಯಿಡಲು ಜಾಗವಿಲ್ಲ, ಅನ್ನ-ಬಟ್ಟೆಗೆ ತತ್ವಾರ. ಮೇಲಾಗಿ ಸೋಂಕು ಕಾಣದ ಹೊಸಬರು ಓಡಿಬರುತ್ತಲೇ ಇದ್ದರು. ಜ್ವರವೂ ಕೂಡಿಕೊಂಡಿತು. ಹಡಗುಗಳು ಹೋಗಿ ತಂಗಿದ ಗ್ವಿನ್ಸ್ ದ್ವೀಪದಲ್ಲಿ ಸುಮಾರು 500 ಜನ ಸತ್ತರು. ಜುಲೈ 9ರ ಫಿರಂಗಿ ದಾಳಿಯ ಬಳಿಕ ಬ್ರಿಟಿಷರು ದ್ವೀಪ ಬಿಟ್ಟಾಗ, ಕಾಯಿಲೆಯವರು ಹಿಂದೆಯೇ ಉಳಿದರು.

ಇತ್ತ ಬಂಡುಕೋರರ ಸೇನಾಪತಿ ವಾಷಿಂಗ್ಟನ್ನನ ಸೇನೆ ಮೊದಲು ಕರಿಯರನ್ನು ಸೇರಿಸಿಕೊಳ್ಳುವುದಿಲ್ಲವೆಂದು ಹೇಳಿ, ಒಂದೆರಡು ತಿಂಗಳಲ್ಲೇ ಸ್ವತಂತ್ರ ಕರಿಯರ ಮಟ್ಟಿಗೆ ಮಾತು ಬದಲಿಸಿತು. ಹದಿಮೂರರಲ್ಲಿ ಒಂದಾದ ರೋಡ್ ಐಲ್ಯಾಂಡ್ 1778ರಲ್ಲಿ ಗುಲಾಮರನ್ನೂ ಸೇರಿಸಿಕೊಂಡಿತು. ಒಡೆಯನಿಗೆ ಗರಿಷ್ಠ 120 ಪೌಂಡ್ ಪರಿಹಾರ, ಸಿಪಾಯಿಗೆ ಬಿಡುಗಡೆ.

1779ರ ಜೂನ್ 30ರಂದು ಬ್ರಿಟಿಷ್ ಸೇನಾಪತಿ ಕ್ಲಿಂಟನ್ ಬಾಗಿಲನ್ನು ಇನ್ನಷ್ಟು ಅಗಲ ಮಾಡಿದ: ಬಂಡುಕೋರರ ಗುಲಾಮರು ಯಾರೇ ಬರಲಿ, ಆಯುಧ ಹಿಡಿಯಲೇಬೇಕೆಂದಿಲ್ಲ. ಅದೇ ಕಾಗದದಲ್ಲಿ ಇನ್ನೊಂದು ಸಾಲೂ ಇತ್ತು. ಬಂಡುಕೋರರ ಸೇವೆಯಲ್ಲಿ ಸೆರೆಸಿಕ್ಕ ಕರಿಯರನ್ನು ಖರೀದಿಸಲಾಗುವುದು! 1781ರಲ್ಲಿ ಬ್ರಿಟಿಷ್ ಸೇನೆ ಯಾರ್ಕ್‌ಟೌನ್‌ನಲ್ಲಿ ಮುತ್ತಿಗೆಗೆ ಸಿಕ್ಕಿ ದಾಸ್ತಾನು ಕರಗಿದಾಗ, ಅದರ ಸೇನಾನಿ ಕಾರ್ನ್‌ವಾಲಿಸ್ ಸಿಡುಬು ಹತ್ತಿದ ಕರಿಯರನ್ನು ಕೋಟೆಯಿಂದ ಹೊರದಬ್ಬಿಸಿದ. ಹೌದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟುಕೊಂಡ ಅದೇ ಕಾರ್ನ್‌ವಾಲಿಸ್.

ಇನ್ನು ಕಾಗದದ ಮಾತು. ಯುದ್ಧ ಮುಗಿಸಲು ಬ್ರಿಟನ್ನೂ ಅಮೆರಿಕವೂ ಮಾಡಿಕೊಂಡ 1782ರ ನವೆಂಬರ್ 30ರ ಕರಡು ಒಪ್ಪಂದದ ಏಳನೇ ಕಲಮು ಬ್ರಿಟಿಷರು ಹೊರಡುವಾಗ ‘ಕರಿಯರನ್ನಾಗಲಿ ಇತರ ಆಸ್ತಿಯನ್ನಾಗಲಿ’ ಒಯ್ಯಬಾರದು ಎಂದಿತು. ನ್ಯೂಯಾರ್ಕ್‌ನಲ್ಲಿದ್ದ ಬ್ರಿಟಿಷ್ ಸೇನಾಪತಿ ಕಾರ್ಲ್‌ಟನ್ ಅದಕ್ಕೆ ಕೊಟ್ಟ ಅರ್ಥ ಜಾಣತನದ್ದು: ಒಪ್ಪಂದಕ್ಕೆ ಮೊದಲೇ ನಮ್ಮ ಘೋಷಣೆ ನಂಬಿ ಬಂದವರು ಈಗಾಗಲೇ ಸ್ವತಂತ್ರರು, ಆಸ್ತಿಯೇ ಅಲ್ಲ. ಅಂಥವರಿಗೆ ಜನರಲ್ ಬರ್ಚ್ ಸಹಿಯ ಪ್ರಮಾಣಪತ್ರ ಸಿಗುತ್ತಿತ್ತು. ಒಡೆಯರ ತಕರಾರುಗಳನ್ನು ಬುಧವಾರಗಳಂದು ಫ್ರಾನ್ಸಿಸ್ ಟಾವೆರ್ನ್ ಎಂಬ ಪಾನಗೃಹದಲ್ಲಿ ವಿಚಾರಿಸುತ್ತಿದ್ದರು. ಬಂದ ತಾರೀಖು ಸಾಬೀತಾಗದಿದ್ದರೆ ವಾಪಸ್ ಒಡೆಯನ ಕೈಗೆ.

ನ್ಯೂಯಾರ್ಕ್‌ನಿಂದ ಹಡಗು ಹತ್ತಿದ ಸುಮಾರು 3,000 ಜನರ ಹೆಸರು, ವಯಸ್ಸು, ಮೈಕಟ್ಟು, ಹಿಂದಿನ ಒಡೆಯ, ಓಡಿಬಂದ ಕಾಲ ಎಲ್ಲವೂ ಒಂದು ದಫ್ತರದಲ್ಲಿವೆ. ಅವರಲ್ಲಿ ಎಲ್ಲರೂ ಸ್ವತಂತ್ರರಲ್ಲ. ನಿಷ್ಠ ಒಡೆಯರ ಗುಲಾಮರು ಗುಲಾಮರಾಗಿಯೇ ಹೋದರು. ಅದರಲ್ಲಿ ಡೆಬೊರಾ ಎಂಬ ಇಪ್ಪತ್ತರ ಹೆಣ್ಣುಮಗಳಿದ್ದಾಳೆ. ಹಿಂದೆ ಜನರಲ್ ವಾಷಿಂಗ್ಟನ್ನನ ಗುಲಾಮಳು, ನಾಲ್ಕು ವರ್ಷದ ಹಿಂದೆ ಬಂದವಳು ಎಂದು ದಾಖಲೆ. ಗುರುತು: ಮುಖದಲ್ಲಿ ಸಿಡುಬಿನ ಕಲೆ.

ಅದೇ ವಾಷಿಂಗ್ಟನ್ನನ ಮೌಂಟ್ ವರ್ನನ್‌ನಿಂದ ಓಡಿ ಡನ್‌ಮೋರ್‌ನನ್ನು ಸೇರಿದ್ದ ಹ್ಯಾರಿಯ ಹೆಸರೂ ಅಲ್ಲಿದೆ. ಆದರೆ ಹಡಗಿನವರಲ್ಲಿ ಹಲವರು ಇಳಿದ, ಈಗಿನ ಕೆನಡಾದ ನೋವಾ ಸ್ಕೋಷಿಯಾದ ಬರ್ಚ್‌ಟೌನ್‌ನ ಕಲ್ಲುನೆಲದಲ್ಲಿ ಬದುಕು ಕೂಡಿಬರಲಿಲ್ಲ. 1792ರ ಜನವರಿಯಲ್ಲಿ 15 ಹಡಗುಗಳಲ್ಲಿ 1,100ಕ್ಕೂ ಹೆಚ್ಚು ಜನ ಅಲ್ಲಿನ ಹ್ಯಾಲಿಫ್ಯಾಕ್ಸ್ ಬಂದರಿನಿಂದ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೊರಟರು. ಹ್ಯಾರಿಯೂ ಆಫ್ರಿಕಾಕ್ಕೆ ಮರಳಿದ. ಅಲ್ಲಿನ ವಸಾಹತು ನಡೆಸುತ್ತಿದ್ದ ಬ್ರಿಟಿಷ್ ಕಂಪನಿ ಭೂಮಿಗೆ ಕಂದಾಯ ಹಾಕಿದಾಗ, 1800ರಲ್ಲಿ ಎದ್ದ ದಂಗೆಯಲ್ಲಿ ಅವನೂ ಇದ್ದ. ಈ ಸಲ ಎದುರಾಳಿ ಬ್ರಿಟಿಷರೇ. ಸೇನಾ ವಿಚಾರಣೆ ನಡೆಸಿ ಅವನನ್ನು ವಸಾಹತಿನಿಂದ ಗಡೀಪಾರು ಮಾಡಿದರು.