ಬಿಲ್ಲಿನ ಕಿಲೋವ್ಯಾಟ್ ಸಾಲನ್ನು ಮೊದಲು ಓದಿ

ಕೇಳುಗರೆಲ್ಲರಿಗೂ ನಮಸ್ಕಾರ. ವಿದ್ಯುತ್ತಿನ ಖರ್ಚು ಏರುತ್ತಿರುವಾಗ ಮನೆಯವರು ತಮಗೆ ಹೊಂದುವ ದರವನ್ನು ಆರಿಸಿಕೊಳ್ಳುವುದು ಹೇಗೆ ಎಂಬ ವಿಷಯವನ್ನು ನಿಲಯದವರು ನನಗೆ ವಹಿಸಿದ್ದಾರೆ. ವಿಷಯ ಕೇಳಿದೊಡನೆಯೇ ನಿಮ್ಮಲ್ಲಿ ಹಲವರು, ‘ಆರಿಸಿಕೊಳ್ಳಲು ನಮಗೇನಿದೆ, ಬೆಸ್ಕಾಂ ಹಾಕಿದ್ದೇ ಬಿಲ್ಲು’ ಎಂದುಕೊಂಡಿರುತ್ತೀರಿ. ಆ ಮಾತು ಅರ್ಧ ನಿಜ. ಬ್ರಿಟನ್ನಿನಂಥ ದೇಶದಲ್ಲಿ ಒಂದೇ ಬೀದಿಯ ಎರಡು ಮನೆಗಳು ಬೇರೆ ಬೇರೆ ಕಂಪನಿಗಳಿಂದ, ಬೇರೆ ಬೇರೆ ದರಕ್ಕೆ ವಿದ್ಯುತ್ ಕೊಳ್ಳಬಹುದು. ದಾವಣಗೆರೆಯ ವಿದ್ಯಾನಗರಕ್ಕಾಗಲಿ ಚಳ್ಳಕೆರೆಯ ಹಳ್ಳಿಗಾಗಲಿ ಕರೆಂಟು ಕೊಡುವುದು ಬೆಸ್ಕಾಂ ಒಂದೇ, ದರವನ್ನು ಗೊತ್ತುಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಆ ದರ ನಮ್ಮ ಕೈಯಲ್ಲಿಲ್ಲ. ಆದರೆ ಅದನ್ನು ಎಷ್ಟು ಕಿಲೋವ್ಯಾಟಿಗೆ ಲೆಕ್ಕ ಹಾಕಬೇಕೆಂಬುದು ಬಹುಮಟ್ಟಿಗೆ ನೀವು ಕೊಟ್ಟ ಅರ್ಜಿಯ ಮೇಲೆಯೇ ನಿಂತಿದೆ. ಆದ್ದರಿಂದ ಇಂದು ನಾನು ಹೇಳುವುದು ಒಂದೇ ಮಾತು: ಬಿಲ್ಲು ಕೈಗೆ ಬಂದಾಗ ಯೂನಿಟ್ಟಿನ ಸಾಲಿಗಿಂತ ಮೊದಲು ಕಿಲೋವ್ಯಾಟಿನ ಸಾಲನ್ನು ಓದಿ.

ಯೂನಿಟ್ ಎಂದರೆ ನೀವು ತಿಂಗಳಿಡೀ ಬಳಸಿದ ಒಟ್ಟು ವಿದ್ಯುತ್ತು. ಕಿಲೋವ್ಯಾಟ್ ಎಂದರೆ ಒಂದೇ ಹೊತ್ತಿನಲ್ಲಿ ನಿಮ್ಮ ಮನೆ ಎಳೆಯಬಹುದಾದ ಪ್ರಮಾಣ. ಸಂಪರ್ಕ ಪಡೆಯುವಾಗ ನೀವು ಕೇಳಿದ ಈ ಪ್ರಮಾಣಕ್ಕೆ ಮಂಜೂರಾದ ಲೋಡ್ ಎನ್ನುತ್ತಾರೆ. ಯೂನಿಟ್ಟಿಗೆ ಒಂದು ದರ, ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ ಇಷ್ಟೆಂಬ ನಿಗದಿತ ಶುಲ್ಕ, ಹೀಗೆ ಬಿಲ್ಲಿಗೆ ಎರಡು ಕಾಲುಗಳು. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಗೃಹಬಳಕೆಯ ಯೂನಿಟ್ ದರ 5 ರೂಪಾಯಿ 90 ಪೈಸೆಯಿಂದ 5 ರೂಪಾಯಿ 80 ಪೈಸೆಗೆ ಇಳಿಯಿತು. ಅದೇ ಪಟ್ಟಿಯಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟಿಗೆ 120 ರೂಪಾಯಿಯಿಂದ 145 ರೂಪಾಯಿಗೆ ಏರಿತು. ಜೊತೆಗೆ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಯಿಟಿಯ ಬಾಬ್ತು ಯೂನಿಟ್ಟಿಗೆ 36 ಪೈಸೆಯ ಸರ್‌ಚಾರ್ಜ್ ಸೇರಿತು. ಯೂನಿಟ್ ದರ ಇಳಿದ ಸುದ್ದಿ ಕೇಳಿ ಸಮಾಧಾನಪಟ್ಟವರು ಮುಂದಿನ ತಿಂಗಳ ಬಿಲ್ಲು ನೋಡಿ ಕಂಗಾಲಾದರೆ ಕಾರಣ ಇದೇ. ಅವರು ಓದಿದ್ದು ಒಂದು ಸಾಲು, ಏರಿದ್ದು ಮತ್ತೊಂದು ಸಾಲು.

ಇದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ದಾವಣಗೆರೆಯಲ್ಲಿದ್ದಾರೆ. ಮಕ್ಕಳು ಬೇರೆ ಊರು ಸೇರಿದ ಮೇಲೆ ಆ ದೊಡ್ಡ ಮನೆಯಲ್ಲಿ ಅವರೂ ಅವರ ಪತ್ನಿಯೂ ಇಬ್ಬರೇ. 2022-23ರಲ್ಲಿ ಮನೆ ತುಂಬ ಜನರಿದ್ದು ತಿಂಗಳ ಸರಾಸರಿ ಬಳಕೆ 200 ಯೂನಿಟ್ ಮೀರಿದ್ದರಿಂದ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿ ಅವರಿಗೆ ದಕ್ಕಲಿಲ್ಲ. ಹೊಸ ದರ ಬಂದ ಮೇಲೆ ಮೇಷ್ಟ್ರು ಉಳಿತಾಯದ ವ್ರತ ಹಿಡಿದರು. ರಾತ್ರಿ ಫ್ರಿಜ್ಜನ್ನು ಆರಿಸುವುದು, ಊಟದ ಮನೆಯಲ್ಲಿ ಫ್ಯಾನ್ ಹಾಕಿದರೆ ಎದ್ದುಬಂದು ನಿಲ್ಲಿಸುವುದು, ನೆಂಟರು ಸ್ನಾನಕ್ಕೆ ಹೋದರೆ ಗೀಸರಿನ ಸ್ವಿಚ್ಚಿನ ಬಳಿ ಕಾವಲು ನಿಲ್ಲುವುದು, ಎಲ್ಲವೂ ನಡೆಯಿತು. ಏಪ್ರಿಲ್, ಮೇ ತಿಂಗಳುಗಳಲ್ಲಿ ದಾವಣಗೆರೆಯ ಸೆಖೆ ಎಂಥದೆಂದು ನಿಮಗೆ ಗೊತ್ತು. ಇಷ್ಟೆಲ್ಲ ಮಾಡಿ ಅವರು 230 ಯೂನಿಟ್‌ಗಳನ್ನು 215ಕ್ಕೆ ಇಳಿಸಿದರು. ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿಸಿ ಲೆಕ್ಕ ಹಾಕಿದರೂ ಉಳಿದದ್ದು ಸುಮಾರು 100 ರೂಪಾಯಿ. ‘ಒಡೆದ ಹಾಲಿನ ಲೆಕ್ಕ ಇದರಲ್ಲಿ ಸೇರಿಲ್ಲ ನೋಡಿ, ಸರ್’ ಎಂದು ಅವರ ಪತ್ನಿ ಕಾಫಿ ಲೋಟ ಇಡುತ್ತ ನನಗೆ ಹೇಳಿದರು.

ಮೇಷ್ಟ್ರು ಬಿಲ್ಲುಗಳನ್ನೆಲ್ಲ ಅಡುಗೆ ಮನೆಯ ಬಾಗಿಲ ಹಿಂದೆ ಒಂದು ತಂತಿಗೆ ಪೋಣಿಸಿ ಇಟ್ಟಿದ್ದರು. ಮೀಟರ್ ಓದುವವರು ಸಣ್ಣ ಯಂತ್ರದಿಂದ ತೆಗೆದುಕೊಡುವ ಆ ಕಾಗದದ ಮೇಲಿನ ಅಕ್ಷರ ಬಿಸಿಗೆ ಮಾಸುತ್ತದೆ. ಒಲೆಯ ಪಕ್ಕದಲ್ಲಿ ನೇತಾಡಿದ್ದರಿಂದ ಅರ್ಧಕ್ಕರ್ಧ ಬಿಲ್ಲುಗಳು ಬಿಳಿಚಿಕೊಂಡಿದ್ದವು. (ನೀವು ಬಿಲ್ಲು ಬಂದ ದಿನವೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.) ಓದಲು ಬಂದ ಬಿಲ್ಲುಗಳಲ್ಲಿ ನಾನು ನೋಡಿದ್ದು ಎರಡೇ ಅಂಕಿ. ಮಂಜೂರಾದ ಲೋಡ್ 7 ಕಿಲೋವ್ಯಾಟ್. ಎಂ.ಡಿ. ಎಂಬ ಗುರುತಿನ ಮುಂದೆ ದಾಖಲಾದ ಗರಿಷ್ಠ ಬೇಡಿಕೆ, ಅಂದರೆ ಆ ತಿಂಗಳಲ್ಲಿ ಮನೆ ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚಿನ ಪ್ರಮಾಣ, ಯಾವ ಬಿಲ್ಲಿನಲ್ಲೂ 2.6ನ್ನು ದಾಟಿರಲಿಲ್ಲ. ಇಬ್ಬರ ಊಟಕ್ಕೆ ತಿಂಗಳು ತಿಂಗಳೂ ಮದುವೆ ಛತ್ರವನ್ನು ಬಾಡಿಗೆಗೆ ಹಿಡಿದಂತಾಗಿತ್ತು.

ಏಳು ಕಿಲೋವ್ಯಾಟ್ ಎಲ್ಲಿಂದ ಬಂತು? ಮನೆ ಕಟ್ಟುವಾಗ ವೈರಿಂಗ್ ಮಾಡಿದ ಗುತ್ತಿಗೆದಾರರು, ‘ಮುಂದೆ ಬೇಕಾಗುತ್ತದೆ ಸರ್’ ಎಂದು ಮೂರು ಕೋಣೆಗೆ ಮೂರು ಎ.ಸಿ., ಎರಡು ಗೀಸರ್ ಎಂದು ಪಟ್ಟಿ ಬರೆದಿದ್ದರು. ಎ.ಸಿ. ಇಂದಿಗೂ ಬಂದಿಲ್ಲ, ಅದಕ್ಕೆಂದು ಗೋಡೆಯಲ್ಲಿ ಬಿಟ್ಟ ರಂಧ್ರಗಳಿಗೆ ಕಾಗದದ ಉಂಡೆ ತುರುಕಿದ್ದಾರೆ. ಆದರೆ ನಿಗದಿತ ಶುಲ್ಕ ಮಾತ್ರ ಏಳಕ್ಕೂ ಬರುತ್ತಿತ್ತು: 2025-26ರ ದರವಾದ 145ರಂತೆ 1,015 ರೂಪಾಯಿ. ಮೂರು ಕಿಲೋವ್ಯಾಟಾದರೆ 435 ರೂಪಾಯಿ. ತಿಂಗಳಿಗೆ 580, ವರ್ಷಕ್ಕೆ 6,960 ರೂಪಾಯಿ ವ್ಯತ್ಯಾಸ. ಫ್ರಿಜ್ಜು ಆರಿಸದೆ, ಫ್ಯಾನು ನಿಲ್ಲಿಸದೆ, ಒಂದು ಅರ್ಜಿಯಿಂದ ಆಗುವ ಉಳಿತಾಯ ಇದು. ಮೇಷ್ಟ್ರು ಲೋಡನ್ನು 3 ಕಿಲೋವ್ಯಾಟಿಗೆ ಇಳಿಸಿಕೊಂಡರು. ಮೂವತ್ತು ವರ್ಷ ಗಣಿತ ಕಲಿಸಿದವರೇ ಕಿಲೋವ್ಯಾಟಿನ ಸಾಲನ್ನು ಓದಿರಲಿಲ್ಲವೆಂದರೆ ಉಳಿದವರನ್ನು ದೂರಿ ಪ್ರಯೋಜನವಿಲ್ಲ, ಆದರೂ ದಯವಿಟ್ಟು ಓದಿ ಎಂದು ಇನ್ನೊಮ್ಮೆ ಕೇಳಿಕೊಳ್ಳುತ್ತೇನೆ.

ನಿಮ್ಮ ಮನೆಗೆ ಎಷ್ಟು ಬೇಕೆಂದು ತಿಳಿಯಲು ಬೆಳಗಿನ ಏಳು ಗಂಟೆಯ ಹೊತ್ತನ್ನು ನೆನಪಿಗೆ ತಂದುಕೊಳ್ಳಿ. ಗೀಸರ್ 2,000 ವ್ಯಾಟ್, ಮಿಕ್ಸಿ 500, ಒಂದು ಅಶ್ವಶಕ್ತಿಯ ಮೋಟಾರು 746, ಫ್ರಿಜ್ಜು ಮತ್ತು ದೀಪ, ಫ್ಯಾನುಗಳಿಗೆ ಇನ್ನೊಂದು ಮುನ್ನೂರು ಎಂದುಕೊಂಡರೂ ಎಲ್ಲ ಒಟ್ಟಿಗೆ ಓಡಿದರೆ ಮೂರೂವರೆ ಕಿಲೋವ್ಯಾಟ್ ಮುಟ್ಟುತ್ತದೆ. ನಲ್ಲಿ ನೀರು ಬಂದ ದಿನ ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಕೆಲಸವನ್ನು ಸ್ನಾನ ಮುಗಿದ ಮೇಲೆ ಇಟ್ಟುಕೊಂಡರೆ ಅದೇ ಮನೆ ಮೂರರೊಳಗೆ ಉಳಿಯುತ್ತದೆ. ಕಡಿಮೆ ಬಳಸಿ ಎಂದು ನಾನು ಹೇಳುತ್ತಿಲ್ಲ; ಒಟ್ಟಿಗೆ ಬಳಸಬೇಡಿ ಎನ್ನುತ್ತಿದ್ದೇನೆ. ಲೋಡ್ ಇಳಿಸಿದ ಮೇಲೆ ಒಮ್ಮೆ ಹೆಚ್ಚಾಗಿಬಿಟ್ಟರೆ ಏನು ಗತಿ ಎಂದು ಹೆದರುವವರಿಗೆ ಒಂದು ಮಾತು: ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ತಿದ್ದುಪಡಿ ಮಾಡಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ, ಸ್ಮಾರ್ಟ್ ಮೀಟರ್ ಇರುವ ಮನೆಯ ಮಂಜೂರಾದ ಲೋಡನ್ನು ಏರಿಸಬೇಕಾದರೆ ಒಂದು ಆರ್ಥಿಕ ವರ್ಷದಲ್ಲಿ ಅದು ಕನಿಷ್ಠ ಮೂರು ಸಲ ಮೀರಿರಬೇಕು.

ಗೃಹಜ್ಯೋತಿ ಇರುವವರು, ‘ನಮಗೆ ಬಿಲ್ಲೇ ಸೊನ್ನೆ, ಈ ಮಾತು ನಮಗಲ್ಲ’ ಎಂದು ರೇಡಿಯೋ ಆರಿಸಬೇಡಿ. ನಿಮಗೆ ಉಚಿತವೆಂದು ಗೊತ್ತುಮಾಡಿದ ಯೂನಿಟ್‌ಗಳನ್ನು ಮೀರಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗಳಿಗಷ್ಟೇ ಹಣ. 200 ದಾಟಿದ ತಿಂಗಳು ಮಾತ್ರ ಪೂರ್ತಿ ಬಿಲ್ಲು, ನಿಗದಿತ ಶುಲ್ಕವೂ ಸೇರಿ. 2025-26ರ ದರದಲ್ಲಿ, ಮೂರು ಕಿಲೋವ್ಯಾಟಿನ ಮನೆಯಲ್ಲಿ 201 ಯೂನಿಟ್ ಆದರೆ ಯೂನಿಟ್ ಶುಲ್ಕ, ಸರ್‌ಚಾರ್ಜ್, ಶೇಕಡಾ 9ರ ತೆರಿಗೆ, ನಿಗದಿತ ಶುಲ್ಕ ಎಲ್ಲ ಕೂಡಿ 1,778 ರೂಪಾಯಿ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಇದರ ಮೇಲೆ. ಏಳು ಕಿಲೋವ್ಯಾಟಾದರೆ ಇನ್ನೂ 580 ಹೆಚ್ಚು. ಮೀಟರ್ ಓದಿ ಹದಿನೈದು ದಿನವಾದಾಗ ನೀವೇ ಒಮ್ಮೆ ಮೀಟರಿನ ಮುಂದೆ ನಿಂತು ನೋಡಿ. ನೂರು ದಾಟಿದ್ದರೆ ಇಸ್ತ್ರಿ ಪೆಟ್ಟಿಗೆಯನ್ನು ಸ್ವಲ್ಪ ದಿನ ಮರೆಯಿರಿ. ನೂರು ಯೂನಿಟ್ ಮೀರಿದರೆ ದರವೇ ಬದಲಾಗುತ್ತದೆ ಎಂದು ಇನ್ನೂ ಹಲವರು ನಂಬಿದ್ದಾರೆ. 2023-24ರಲ್ಲಿ ಹಾಗಿತ್ತು: ನೂರರವರೆಗೆ 4 ರೂಪಾಯಿ 75 ಪೈಸೆ, ಮೀರಿದರೆ ಎಲ್ಲ ಯೂನಿಟ್ಟಿಗೂ 7 ರೂಪಾಯಿ. ಆ ಗೆರೆ 2024ರ ಏಪ್ರಿಲ್‌ನಲ್ಲೇ ಅಳಿಸಿಹೋಗಿದೆ.

ಮೇಷ್ಟ್ರ ಕಥೆಯೇ ಉದ್ದವಾಯಿತು, ನಿಲಯದವರು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಮನೆ ಕಟ್ಟಿ ಮುಗಿದ ಮೇಲೂ ತಾತ್ಕಾಲಿಕ ಸಂಪರ್ಕದಲ್ಲೇ ಇರುವವರು ಅದನ್ನು ಈ ವಾರವೇ ಗೃಹಬಳಕೆಗೆ ಬದಲಿಸಿಕೊಳ್ಳಿ, ಏಕೆಂದರೆ ಆ ದರ ಬಹಳ ದುಬಾರಿ. ಸ್ವಂತ ತಾರಸಿ ಇದ್ದು ಪ್ರತಿ ತಿಂಗಳೂ 200 ಯೂನಿಟ್ ದಾಟುವವರಿಗೆ, ಅದರ ಮೇಲೆ ಸೌರ ಫಲಕ ಹಾಕಿಸಿಕೊಳ್ಳಲು ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನವಿದೆ. ಚಿತ್ರದುರ್ಗದ ಬಿಸಿಲನ್ನು ಬೈಯುವುದರ ಜೊತೆಗೆ ಸ್ವಲ್ಪ ದುಡಿಸಿಕೊಳ್ಳಲೂಬಹುದು.

ಲೋಡ್ ಇಳಿಸುವ ಅರ್ಜಿಯನ್ನು ನಿಮ್ಮ ಬಡಾವಣೆಗೆ ಸೇರಿದ ಬೆಸ್ಕಾಂ ಉಪವಿಭಾಗ ಕಚೇರಿಗೆ ಕೊಡಬೇಕು. ಅದರಲ್ಲಿ ಆರ್.ಆರ್. ಸಂಖ್ಯೆ (ಬಿಲ್ಲಿನ ಮೇಲಿರುವ ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ), ಈಗಿರುವ ಲೋಡ್, ಬೇಕಾದ ಲೋಡ್ ಮೂರನ್ನೂ ಸ್ಪಷ್ಟವಾಗಿ ಬರೆದು, ಬೇಸಿಗೆಯ ತಿಂಗಳುಗಳೂ ಸೇರಿದಂತೆ ಒಂದು ವರ್ಷದ ಬಿಲ್ಲುಗಳ ನಕಲನ್ನು ಲಗತ್ತಿಸಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. ಲೋಡ್ ಇಳಿಸಿದ್ದೇವೆಂದು ತಿಳಿಸಿದ ಮೇಲೂ ಬಿಲ್ಲಿನಲ್ಲಿ ಹಳೆಯ ಅಂಕಿಯೇ ಮುಂದುವರಿದರೆ 1912ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆಯನ್ನು ಆ ಸ್ವೀಕೃತಿಯ ಹಿಂದೆಯೇ ಬರೆದಿಟ್ಟುಕೊಳ್ಳಿ. ನಮಸ್ಕಾರ.