ಬುಷ್ ನೋಡದೆ ಎಲೆಕ್ಟ್ರಾನಿಕ್ ಕಿಟ್ ಹಾಕ್ಬೇಡಿ

ಎಲ್ರಿಗೂ ನಮಸ್ಕಾರ. ಬರ್ಮಿಂಗ್‌ಹ್ಯಾಮ್‌ನಲ್ಲಿ ಕನ್ನಡದವರ ಮುಂದೆ ಡಿಸ್ಟ್ರಿಬ್ಯೂಟರ್, ಅಂದ್ರೆ ಹಳೇ ಪೆಟ್ರೋಲ್ ಇಂಜಿನ್‌ನ ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚೋ ಸಾಧನದ ಬಗ್ಗೆ ಮಾತಾಡೋ ದಿನ ಬರತ್ತೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ, ತುಂಬಾ ಖುಷಿ ಆಗ್ತಿದೆ. ಟೇಬಲ್ ಮೇಲೆ ಇಟ್ಟಿದೀನಲ್ಲ, ಇದು ಲೂಕಾಸ್ 25ಡಿ4. ಲೂಕಾಸ್ ಅಂದ್ರೆ ಇದೇ ಊರಿನ ಕಂಪನಿ, ಗ್ರೇಟ್ ಕಿಂಗ್ ಸ್ಟ್ರೀಟ್‌ನಲ್ಲಿ ಅವರ ದೊಡ್ಡ ಫ್ಯಾಕ್ಟರಿ ಇತ್ತು. ನಂದು ಎಂಜಿಬಿ ಕಾರು, 1962ರಿಂದ 1980ರವರೆಗೆ ಆಬಿಂಗ್ಡನ್‌ನಲ್ಲಿ ತಯಾರಾಗಿದ್ದು, ಅದರ ಮೊದಲ ಹತ್ತು ಹನ್ನೆರಡು ವರ್ಷದ ಗಾಡಿಗಳಲ್ಲೆಲ್ಲ ಇದೇ ಇರತ್ತೆ, ಆಮೇಲಿನದಕ್ಕೆ 45ಡಿ4 ಬಂತು.

ಇದು ನಮಗೆ ಪೂರ್ತಿ ಪರದೇಶದ ವಸ್ತು ಏನಲ್ಲ. ನಮ್ಮ ಹಳೇ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ ಇತ್ತಲ್ಲ, ಅದು ಬಿಎಂಸಿ, ಅಂದ್ರೆ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನ ಬಿ-ಸೀರೀಸ್ ಇಂಜಿನ್ನು, 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿಗೂ ಅದೇ 1489 ಸಿಸಿ, ಅದನ್ನೇ ಮುಂದೆ 1798 ಸಿಸಿಗೆ ಏರಿಸಿ ಎಂಜಿಬಿಗೆ ಹಾಕಿದ್ರು. ನಾನು ಚಿಕ್ಕೋನಿದ್ದಾಗ ಆಗುಂಬೆ ಘಾಟಿಲಿ ಜೋರು ಮಳೇಲಿ ನಮ್ಮ ಬಾಡಿಗೆ ಅಂಬಾಸಿಡರ್ ನಿಂತೋಯ್ತು, ಡ್ರೈವರಣ್ಣ ಬಾನೆಟ್ ಎತ್ತಿ, ಎರಡು ಕ್ಲಿಪ್ ಬಿಚ್ಚಿ, ಕಂದು ಬಣ್ಣದ ಒಂದು ಟೋಪಿ ಥರದ್ದನ್ನ ಎತ್ಕೊಂಡು ಹೆಗಲ ಮೇಲಿನ ಟವೆಲ್‌ನಲ್ಲಿ ಒಳಗಡೆ ಒರೆಸಿ ಮತ್ತೆ ಕೂರಿಸಿದ್ರು, ಗಾಡಿ ಸ್ಟಾರ್ಟ್ ಆಯ್ತು. ಅವತ್ತಿಂದ ನನಗೆ ಆ ಟೋಪಿ ಒಳಗೆ ಏನಿದೆ ಅನ್ನೋ ಕುತೂಹಲ ಹೋಗಿಲ್ಲ.

ಒಳಗೆ ಏನಾಗತ್ತೆ ಅಂತ ಬೇಗ ಹೇಳ್ಬಿಡ್ತೀನಿ. ಇಂಜಿನ್‌ನ ಕ್ರ್ಯಾಂಕ್ ಎರಡು ಸುತ್ತು ಸುತ್ತಿದ್ರೆ ಡಿಸ್ಟ್ರಿಬ್ಯೂಟರ್ ನಡುವಿನ ಈ ಶಾಫ್ಟ್ ಒಂದು ಸುತ್ತು. ಮೇಲಿನ ಕ್ಯಾಮ್‌ಗೆ ನಾಲ್ಕು ಮೂಲೆ, ಪ್ರತಿ ಮೂಲೆ ಬಂದಾಗಲೂ ಪಾಯಿಂಟ್ ಅನ್ನೋ ಪುಟ್ಟ ಸ್ವಿಚ್ ಬಿಟ್ಕೊಳತ್ತೆ, ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಹುಟ್ಟತ್ತೆ, ರೋಟರ್ ಅದನ್ನ 1-3-4-2 ಆರ್ಡರ್‌ನಲ್ಲಿ ಪ್ಲಗ್‌ಗಳಿಗೆ ಹಂಚತ್ತೆ. ಇಂಜಿನ್ 6000 ಆರ್‌ಪಿಎಂನಲ್ಲಿ ಓಡ್ತಿದ್ರೆ ಸೆಕೆಂಡಿಗೆ 200 ಸ್ಪಾರ್ಕ್. ಆದ್ರೆ ಹಂಚೋದು ಅರ್ಧ ಕೆಲಸ ಮಾತ್ರ. ಇನ್ನರ್ಧ, ಯಾವಾಗ ಕೊಡ್ಬೇಕು ಅನ್ನೋದು. ಪೆಟ್ರೋಲ್ ಉರಿಯೋಕೆ ಸಮಯ ಬೇಕು, ಸ್ಪೀಡ್ ಏರಿದ ಹಾಗೆ ಸ್ಪಾರ್ಕ್ ಮೊದಲೇ ಬರ್ಬೇಕು, ಅದನ್ನ ಕೆಳಗಿರೋ ಎರಡು ತೂಕದ ತುಂಡು, ಎರಡು ಸ್ಪ್ರಿಂಗ್, ಪಕ್ಕದ ವ್ಯಾಕ್ಯೂಮ್ ಡಬ್ಬಿ ಸೇರ್ಕೊಂಡು ನೋಡ್ಕೊಳ್ತವೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇಷ್ಟನ್ನ ಮುಷ್ಟಿಯಷ್ಟು ಜಾಗದಲ್ಲಿ ಮಾಡಿದ್ರಲ್ಲ, ನನಗೆ ಈಗಲೂ ಅದರ ಮೇಲೆ ಬಹಳ ಗೌರವ.

ನಾನು ಇವತ್ತು ಹೇಳೋಕೆ ಬಂದಿರೋ ವಿಷಯಾನೇ ಇದು. ಗಾಡಿ ಮಿಸ್ಸಿಂಗ್ ಹೊಡೆಯತ್ತೆ, ಪಿಕಪ್ ಇಲ್ಲ, ತಕ್ಷಣ ಎಲೆಕ್ಟ್ರಾನಿಕ್ ಕಿಟ್ ತರಿಸಿ ಒಳಗೆ ಹಾಕ್ಬಿಡ್ತಾರೆ. ಆ ಕಿಟ್ ಬದಲಾಯಿಸೋದು ಪಾಯಿಂಟ್ ಮತ್ತೆ ಅದು ಕಿಡಿ ಹಾರಿ ಸುಡದ ಹಾಗೆ ಕಾಯೋ ಕಂಡೆನ್ಸರ್, ಎರಡನ್ನೇ. ಶಾಫ್ಟ್ ಹಿಡಿದಿರೋ ಕಂಚಿನ ಬಳೆ, ಅಂದ್ರೆ ಬುಷ್, ಸವೆದಿದ್ರೆ ಸವೆದೇ ಇರತ್ತೆ, ಸಡಿಲ ಸ್ಪ್ರಿಂಗ್ ಸಡಿಲವಾಗೇ ಇರತ್ತೆ, ಸ್ಪಾರ್ಕ್ ಜೋರಾಗಿ ಬರತ್ತೆ, ಆದ್ರೆ ತಪ್ಪು ಹೊತ್ತಿಗೆ ಬರತ್ತೆ.

ಮೊದಲು ಬುಷ್ ನೋಡಿ. ಕ್ಯಾಪ್, ರೋಟರ್ ತೆಗೆದು ಶಾಫ್ಟ್ ತುದೀನ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಪಾಯಿಂಟ್ ಗ್ಯಾಪ್ ಇರ್ಬೇಕಾದ್ದು 14ರಿಂದ 16 ಥೌ, ಅಂದ್ರೆ ಒಂದು ಇಂಚಿನ ಸಾವಿರದ 14-16 ಭಾಗ, ನಮ್ಮ ಲೆಕ್ಕದಲ್ಲಿ ಸುಮಾರು 0.35ರಿಂದ 0.40 ಮಿಲಿಮೀಟರ್. ಶಾಫ್ಟ್ ಐದು ಥೌ ಆಡಿದ್ರೆ ಗ್ಯಾಪ್‌ನಲ್ಲಿ ಮೂರನೇ ಒಂದು ಭಾಗಾನೇ ಹೋಯ್ತು, ನೀವು ಫೀಲರ್ ಗೇಜ್ ಇಟ್ಟು ಎಷ್ಟೇ ನಾಜೂಕಾಗಿ ಸೆಟ್ ಮಾಡಿದ್ರೂ ಇಂಜಿನ್ ಓಡೋವಾಗ ಒಂದೊಂದು ಸಿಲಿಂಡರ್‌ಗೆ ಒಂದೊಂದು ಟೈಮಿಂಗ್. ರಿಪೇರಿ ಕಷ್ಟ ಏನಿಲ್ಲ. ಇಂಜಿನ್‌ಗೆ ಕಚ್ಕೊಳ್ಳೋ ಕೆಳಗಿನ ತುಂಡು, ಡ್ರೈವ್ ಡಾಗ್, ಅದರ ಪಿನ್ ಹೊಡೆದು ತೆಗೆದು, ಶಾಫ್ಟ್ ಹೊರಗೆಳೆದು, ಹಳೇ ಕಂಚಿನ ಬುಷ್ ಬಡಿದು ತೆಗೀಬೇಕು, ಹೊಸದನ್ನ ಒಂದು ದಿನ ಪೂರ್ತಿ ಇಂಜಿನ್ ಆಯಿಲ್‌ನಲ್ಲಿ ನೆನೆಹಾಕಿ ಆಮೇಲೆ ಒತ್ತಬೇಕು, ಅದು ಸಣ್ಣ ಸಣ್ಣ ರಂಧ್ರದ ಲೋಹ, ಎಣ್ಣೆ ಕುಡ್ಕೊಳತ್ತೆ. ಒಂದು ಎಚ್ಚರಿಕೆ: ಪಿನ್ ತೆಗೆಯೋ ಮೊದಲೇ ಡಾಗ್ ಮೇಲೂ ಶಾಫ್ಟ್ ಮೇಲೂ ಗೀಟು ಹಾಕ್ಕೊಳಿ. ಡಾಗ್‌ನ ನಾಲಿಗೆ ಸ್ವಲ್ಪ ಒಂದು ಪಕ್ಕಕ್ಕೆ ಇರತ್ತೆ, ಡಿಸ್ಟ್ರಿಬ್ಯೂಟರ್ ಒಂದೇ ರೀತಿ ಕೂರ್ಲಿ ಅಂತ. ನಾನು ಮೊದಲ ಸಲ ಗೀಟು ಹಾಕದೆ ಉಲ್ಟಾ ಪಿನ್ ಹೊಡೆದೆ, ರೋಟರ್ ಸರಿಯಾಗಿ 180 ಡಿಗ್ರಿ ಆಚೆ ಹೋಯ್ತು, ಇಂಜಿನ್ ಹಿಂದಕ್ಕೆ ಒದೀತು, ಕಾರ್ಬುರೇಟರ್‌ನಿಂದ ಢಬ್ ಅಂತ ಬೆಂಕಿ ಬಂತು. ಎದೆ ಹೊಡ್ಕೊಂಡಿದ್ದು ಇನ್ನೂ ನೆನಪಿದೆ.

ಆಮೇಲೆ ಸ್ಪ್ರಿಂಗ್. ಎರಡೂ ಒಂದೇ ಥರ ಇರಲ್ಲ, ಒಂದು ತೆಳು, ಇನ್ನೊಂದು ದಪ್ಪ, ದಪ್ಪದ್ದರ ಕೊಂಡಿ ಸಡಿಲ ಇರತ್ತೆ, ಬೇಕಂತಲೇ ಹಾಗೆ ಮಾಡಿರೋದು, ಶುರುವಿನಲ್ಲಿ ತೆಳುವಿನದು ಮಾತ್ರ ಎಳೀಬೇಕು, ಆಮೇಲೆ ದಪ್ಪದ್ದು ಸೇರ್ಕೊಳತ್ತೆ. ಯಾರೋ ಪುಣ್ಯಾತ್ಮರು ಆ ಸಡಿಲ ಕೊಂಡೀನ ಇಕ್ಕಳದಲ್ಲಿ ಅಮುಕಿ "ಸರಿ" ಮಾಡಿರ್ತಾರೆ, ದಯವಿಟ್ಟು ಮಾಡ್ಬೇಡಿ. ಕ್ಯಾಮ್ ಕೆಳಗಿನ ಪ್ಲೇಟ್ ಮೇಲೆ ಒಂದು ನಂಬರ್ ಒತ್ತಿರ್ತಾರೆ, ನಂದರಲ್ಲಿ 10 ಅಂತ ಇದೆ, ಅಂದ್ರೆ ಈ ತೂಕಗಳು ಸ್ಪಾರ್ಕನ್ನ ಮೊದಲೇ ತರೋದು ಹೆಚ್ಚೆಂದ್ರೆ ಶಾಫ್ಟ್ ಲೆಕ್ಕದಲ್ಲಿ 10 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 20. ರೋಟರ್‌ನ ತಿರುಗೋ ದಿಕ್ಕಿಗೆ, ಈ ಇಂಜಿನ್‌ನಲ್ಲಿ ಅದು ಗಡಿಯಾರದ ಮುಳ್ಳಿಗೆ ಉಲ್ಟಾ, ತಿರುವಿ ಬಿಟ್ರೆ ಟಪ್ ಅಂತ ವಾಪಸ್ ಬರ್ಬೇಕು. ಬಹಳ ದಿನ ನಿಂತ ಗಾಡಿಯಲ್ಲಿ ಗ್ರೀಸ್ ಒಣಗಿ ಅಂಟಾಗಿ ಅದು ನಿಧಾನ ಬರತ್ತೆ. ವ್ಯಾಕ್ಯೂಮ್ ಡಬ್ಬಿಗೆ ಮಷೀನ್ ಬೇಡ, ಪೈಪ್ ಬಾಯಲ್ಲಿ ಇಟ್ಟು ಎಳೆದು ನಾಲಿಗೆಯಿಂದ ತೂತು ಮುಚ್ಚಿ, ಪಾಯಿಂಟ್ ಕೂತಿರೋ ಪ್ಲೇಟ್ ತಿರುಗಿ ಹಾಗೇ ನಿಂತ್ರೆ ಡಬ್ಬಿ ಒಳಗಿನ ಪೊರೆ, ಡಯಾಫ್ರಾಮ್, ಚೆನ್ನಾಗಿದೆ.

ಇದೊಂದು ಎಲ್ರೂ ಬಿಟ್ಬಿಡೋದು. ಪ್ಲೇಟ್‌ನಿಂದ ಬಾಡಿಗೆ ಒಂದು ಪುಟ್ಟ ಬಟ್ಟೆ ಹೊದಿಕೆಯ ಅರ್ಥ್ ವೈರ್ ಇದೆ, ಬಗ್ಗಿ ನೋಡಿ, ಬೆರಳುದ್ದಾನೂ ಇಲ್ಲ. ವ್ಯಾಕ್ಯೂಮ್ ಎಳೆದಾಗೆಲ್ಲ ಪ್ಲೇಟ್ ಅಲ್ಲಾಡತ್ತೆ, ವೈರ್ ಮಡಚಿ ಮಡಚಿ ಒಳಗಿನ ಎಳೆ ಒಂದೊಂದೇ ತುಂಡಾಗತ್ತೆ, ಹೊರಗಿನ ಹೊದಿಕೆ ಮಾತ್ರ ಹೊಸದರ ಥರಾನೇ ಕಾಣತ್ತೆ. ನಿಂತಲ್ಲಿ ಗಾಡಿ ಸರಿ, ಆಕ್ಸಿಲರೇಟರ್ ಒತ್ತಿದ್ರೆ ಕೆಮ್ಮತ್ತೆ. ನಾನು ಒಂದು ಬೇಸಿಗೆ ಪೂರ್ತಿ ಕಾರ್ಬುರೇಟರ್ ಬಿಚ್ಚಿ ಬಿಚ್ಚಿ ಹುಡುಕಿದ ತೊಂದರೆ ಕೊನೆಗೆ ಈ ವೈರ್‌ನಲ್ಲಿ ಸಿಕ್ತು.

ರೋಟರ್ ಬಗ್ಗೆ ಒಂದೇ ಮಾತು, ಹಿತ್ತಾಳೆ ಪಟ್ಟಿಗೆ ರಿವೆಟ್ ಹೊಡೆದಿರೋ ಅಗ್ಗದ ರೋಟರ್ ಬೇಡ, ಆ ರಿವೆಟ್ ಮೂಲಕ ಕರೆಂಟ್ ಪ್ಲಾಸ್ಟಿಕ್ ಸೀಳ್ಕೊಂಡು ಶಾಫ್ಟ್‌ಗೆ ಇಳಿಯತ್ತೆ, ರಿವೆಟ್ ಇಲ್ಲದ ಕೆಂಪು ರೋಟರ್ ತಗೊಳಿ.

ಇಷ್ಟೆಲ್ಲ ಆದ್ಮೇಲೆ ಅಪ್‌ಗ್ರೇಡ್ ಮಾಡಿ, ನಾನೇನು ವಿರೋಧಿ ಅಲ್ಲ, ನನ್ನ ಗಾಡೀಲೇ ಇದೆ. ಪರ್ಟ್ರಾನಿಕ್ಸ್ ಥರದ್ದು ಕ್ಯಾಮ್ ಮೇಲೆ ಮ್ಯಾಗ್ನೆಟ್ ರಿಂಗ್ ಕೂರಿಸತ್ತೆ, ಪಕ್ಕದಲ್ಲಿ ಆ ಮ್ಯಾಗ್ನೆಟ್ ಗುರುತಿಸೋ ಹಾಲ್ ಸೆನ್ಸರ್ ಪಾಯಿಂಟ್ ಕೆಲಸ ಮಾಡತ್ತೆ, ಸವೆಯೋ ವಸ್ತು ಇಲ್ಲ. ಲ್ಯೂಮಿನಿಷನ್‌ದು ಬೆಳಕಿನ ಕಿರಣ ಕತ್ತರಿಸೋ ವಿಧಾನ. ಡಚ್ಚರ 123 ಇಗ್ನಿಷನ್ ಆದ್ರೆ ಇಡೀ ಡಿಸ್ಟ್ರಿಬ್ಯೂಟರನ್ನೇ ಬದಲಾಯಿಸ್ಬೇಕು, ತೂಕ ಸ್ಪ್ರಿಂಗ್ ಏನೂ ಇಲ್ಲ, ಅಡ್ವಾನ್ಸ್ ಕರ್ವ್, ಅಂದ್ರೆ ಯಾವ ಸ್ಪೀಡಿಗೆ ಸ್ಪಾರ್ಕ್ ಎಷ್ಟು ಮೊದಲು ಬರ್ಬೇಕು ಅನ್ನೋದನ್ನ ನೀವೇ ಆರಿಸ್ಕೋಬಹುದು, ಹಳೇ ಬಾಡಿ ರಿಪೇರಿಗೆ ಬಾರದಷ್ಟು ಹಾಳಾಗಿದ್ರೆ ನಾನು ಅದನ್ನೇ ಹೇಳ್ತೀನಿ. ಎರಡು ವಿಷಯ ನೋಡ್ಕೊಳಿ. 1967ರವರೆಗಿನ ಎಂಜಿಬಿ ಪಾಸಿಟಿವ್ ಅರ್ಥ್, ಅಂದ್ರೆ ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಬಾಡಿಗೆ, ಅದಕ್ಕೆ ಬೇರೆ ಕಿಟ್, ತಪ್ಪಾಗಿ ಹಾಕಿದ್ರೆ ಸುಟ್ಟೋಗತ್ತೆ. ಇಂಜಿನ್ ಓಡದೆ ಇಗ್ನಿಷನ್ ಆನ್ ಬಿಟ್ಟು ರೇಡಿಯೋ ಕೇಳ್ತಾ ಕೂರ್ಬೇಡಿ, ಮಾಡ್ಯೂಲ್ ಬಿಸಿಯಾಗಿ ಹೋಗತ್ತೆ. ಹೋದ್ರೆ ರಸ್ತೆ ಬದಿಲಿ ರಿಪೇರಿ ಆಗಲ್ಲ, ಅದಕ್ಕೇ ನಾನು ಗ್ಯಾಪ್ ಸೆಟ್ ಮಾಡಿದ ಪಾಯಿಂಟ್, ಕಂಡೆನ್ಸರ್ ಸಮೇತ ಹಳೇ ಪ್ಲೇಟನ್ನ ಬಿಸ್ಕತ್ ಡಬ್ಬಿಲಿ ಹಾಕಿ ಡಿಕ್ಕೀಲಿ ಇಟ್ಕೊಂಡಿದೀನಿ, ಎರಡು ಸ್ಕ್ರೂ ಅಷ್ಟೇ.

ಗಾಡಿ ಹೊರಗೆ ನಿಂತಿದೆ. ಟೀ ಕುಡಿದು ಬನ್ನಿ, ಸ್ಪಾರ್ಕ್ ಬಂದಾಗಲೆಲ್ಲ ಮಿನುಗೋ ಸ್ಟ್ರೋಬ್ ಲೈಟ್ ಹಿಡೀತೀನಿ, ಬುಷ್ ಬದಲಾಯಿಸೋಕೆ ಮೊದಲು ಪುಲ್ಲಿ ಮೇಲಿನ ಗುರುತು ಎರಡು ಮೂರು ಡಿಗ್ರಿ ಅತ್ತಿತ್ತ ಕುಣೀತಿತ್ತು, ಈಗ ಹೇಗೆ ನಿಲ್ಲತ್ತೆ ನೀವೇ ನೋಡಿ.